ಮೊಲ ಮೆಲುಕು ಹಾಕುವುದಿಲ್ಲ

ಕಾಫಿ ಹೂವು ಅರಳಿದ ದಿನ ನಮ್ಮ ಕಡೆ ಎಲ್ಲರೂ ಮೂಗರಳಿಸಿಕೊಂಡು ಓಡಾಡುತ್ತಾರೆ. ಮಲ್ಲಿಗೆಯ ಹಾಗೆ ಎನ್ನುವವರು ಕೆಲವರು, ಮಲ್ಲಿಗೆ ಇದರ ಮುಂದೆ ಏನು ಎನ್ನುವವರು ಕೆಲವರು. ಹೋಂಸ್ಟೇಗೆ ಬಂದವರು ಗಿಡದ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದ ಕೂಡಲೇ ಮೊಲದ ಹಿಕ್ಕೆ ನೆನಪಾಗುತ್ತದೆ. ನಗಬೇಡಿ. ಕೆಲವು ವರ್ಷಗಳ ಹಿಂದಿನ ಒಂದು ಹೂವಿನ ಕಾಲದಲ್ಲಿ, ಮೆಣಸಿನ ಕಾಳಿನಷ್ಟು ಗಾತ್ರದ ಒಂದು ಹಿಕ್ಕೆಗಾಗಿ ನಾನು ಹಾತೊರೆದಷ್ಟು ಯಾವ ಮಳೆಗೂ ಹಾತೊರೆದವಳಲ್ಲ. ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ತೋಟವೆಲ್ಲ ಬೆಳ್ಳಗಾಗಿತ್ತು. ಒಬ್ಬಳೇ ನಗುತ್ತ ನಿಂತಿದ್ದನ್ನು ಕಂಡು ನಮ್ಮ ಯಜಮಾನರು, "ಏನು ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ?" ಎಂದರು. "ಹಿಕ್ಕೆ" ಎಂದೆ. ಅವರೂ ನಕ್ಕರು.

ಗೋಣಿಬೀಡಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಹಾಲಿನ ಡೇರಿಗೆ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಸೆಕ್ರೆಟರಿ. ದಿನಕ್ಕೆ ಎರಡು ಹೊತ್ತು ಊರಿನ ಹಾಲೆಲ್ಲ ನನ್ನ ಕೈ ದಾಟಿಯೇ ವ್ಯಾನು ಹತ್ತಬೇಕು. ಹಾಲಿನ ಜೊತೆಗೆ ಹಸುಗಳ ಕಷ್ಟಸುಖವೂ ನನ್ನ ಕಿವಿಗೆ ಬೀಳುತ್ತದೆ. ಯಾರ ಹಸುವಿಗೆ ಹೆರಿಗೆ ಕಷ್ಟವಾಗಿದೆ, ಯಾರ ಎಮ್ಮೆಗೆ ಹೊಟ್ಟೆ ಉಬ್ಬರಿಸಿದೆ, ಎಲ್ಲದಕ್ಕೂ "ಸರೋಜಕ್ಕನ್ನ ಕರೀರಿ." ಡಾಕ್ಟರು ಬರುವಷ್ಟರಲ್ಲಿ ನಾನು ಅರ್ಧ ಕೆಲಸ ಮುಗಿಸಿರುತ್ತಿದ್ದೆ. ಹಾಗಾಗಿ ನನಗೆ ಸ್ವಲ್ಪ ಕೊಂಬು ಬಂದಿತ್ತು, ಸುಳ್ಳೇಕೆ ಹೇಳಲಿ. ನಾಲ್ಕು ಕಾಲಿನ ಯಾವ ಪ್ರಾಣಿಯನ್ನು ಕಂಡರೂ ನನ್ನ ಲೆಕ್ಕದಲ್ಲಿ ಅದು ಒಂದು ಬಗೆಯ ದನವೇ.

ಆ ಹೂವಿನ ಕಾಲದ ಹಿಂದಿನ ವರ್ಷ ನಮ್ಮ ಮನೆಗೆ ಸೊಸೆಯಾಗಿ ಬಂದ ನಯನ, ಚಿಕ್ಕಮಗಳೂರು ಪೇಟೆಯ ಬಟ್ಟೆ ಅಂಗಡಿಯವರ ಮಗಳು. ಬರುವಾಗ ಪೆಟ್ಟಿಗೆಗಳ ಜೊತೆ ಒಂದು ಬಿಳಿಯ ಮೊಲವನ್ನೂ ತಂದಳು. ಹೆಸರು ಅವಲಕ್ಕಿ. ಹಾಲು ಕೊಡುವುದಿಲ್ಲ, ಮನೆ ಕಾಯುವುದಿಲ್ಲ, ಇದನ್ನು ಯಾಕಮ್ಮ ಸಾಕುವುದು ಎಂದು ಕೇಳಿದೆ. "ಸುಮ್ನೆ ಅತ್ತೆ" ಎಂದಳು. ಸುಮ್ಮನೆ ಏನನ್ನಾದರೂ ಸಾಕಬಹುದು ಎನ್ನುವುದೇ ನನಗೆ ಹೊಸದು. ಅದರ ಮೇಲೆ ಅವಳ ಇನ್ನೊಂದು ಚಾಳಿ ಬೇರೆ: ಬೇಲಿ ಬದಿಯ ಎಳೆ ಹುಲ್ಲನ್ನು ಕೊಯ್ದು ತಂದು, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಹರಡಿ, ಗರಿಗರಿಯಾಗುವಂತೆ ಒಣಗಿಸಿ ಬುಟ್ಟಿಗಟ್ಟಲೆ ಮೊಲದ ಮುಂದೆ ಇಡುತ್ತಿದ್ದಳು. ದಿನವಿಡೀ ಅದೇ ಊಟ. ಇಷ್ಟು ಹಸಿರಿರುವ ಊರಿನಲ್ಲಿ ಒಣಹುಲ್ಲು ತಿನ್ನಿಸುವುದು ಯಾವ ನ್ಯಾಯ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಮೊಲ ಸೊರಗಿದೆ, ಪಾಪ, ಹೇಳಿಕೊಳ್ಳಲು ಬಾಯಿಲ್ಲ ಎಂದುಕೊಳ್ಳುತ್ತಿದ್ದೆ.

ಫೆಬ್ರವರಿ ಕೊನೆಯಲ್ಲಿ ನಯನಳ ಬಿ.ಎಡ್. ಕೊನೆಯ ಪರೀಕ್ಷೆ ಬಂತು. ಅದು ಹಿಂದಿನ ವರ್ಷವೇ ಮುಗಿಯಬೇಕಿತ್ತು. ಮದುವೆಯ ಮುಹೂರ್ತ ಪರೀಕ್ಷೆಯ ವಾರಕ್ಕೇ ಬಿದ್ದಿತ್ತು. ಮುಂದೆ ಹಾಕೋಣ ಎಂದು ಅವರ ಮನೆಯವರು ಕೇಳಿದಾಗ ಒಪ್ಪದೆ ಹಟ ಹಿಡಿದವಳು ನಾನು. ಅವಳು ಒಂದು ಮಾತು ಆಡದೆ ಒಂದು ವರ್ಷ ಕಳೆದುಕೊಂಡಿದ್ದಳು. ಆ ಮಾತು ಆಡದಿದ್ದುದೇ ನನ್ನೊಳಗೆ ಮುಳ್ಳಿನಂತೆ ಉಳಿದಿತ್ತು. ಈ ಸಲ ಎಂಟು ದಿನ ತವರಿನಲ್ಲಿ ಕೂತು ಬರೆದು ಬಾ, ಮನೆಯ ಕಡೆ ತಲೆ ಹಾಕಬೇಡ ಎಂದು ನಾನೇ ಕಳಿಸಿದೆ. ಮಗನೂ ಜೊತೆಗೆ ಹೋದ. ಹೊರಡುವಾಗ ನಯನ ನನ್ನ ಕೈಗೆ ಒಂದು ಹಾಳೆ ಕೊಟ್ಟಳು. ಎರಡೂ ಬದಿ ತುಂಬ ಬರೆದಿದ್ದಳು.

"ಅವಲಕ್ಕಿಗೆ ಏನೇನು ಅಂತ ಬರ್ದಿದೀನಿ ಅತ್ತೆ. ಒಂದ್ಸಲ ಓದ್ಕೊಳ್ಳಿ."

"ಆಯ್ತಮ್ಮ, ನೀನು ನಿನ್ನ ಪುಸ್ತಕ ಓದು" ಎಂದು ಹಾಳೆಯನ್ನು ಫ್ರಿಜ್ ಮೇಲಿಟ್ಟೆ. ಊರಿನ ದನವೆಲ್ಲ ನೋಡಿದವಳಿಗೆ ಒಂದು ಮೊಲಕ್ಕೆ ಚೀಟಿಯೇ?

ಅವಳು ಹೋದ ಗುರುವಾರವೇ ನಮ್ಮ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಶುರುವಾಯಿತು. ಹೂವು ಅರಳಲೆಂದು ನೀರು ಹೊಡೆಯುವ ಆ ಒಂದು ವಾರ ಯಜಮಾನರು ಮನೆಯವರಲ್ಲ, ಪಂಪಿನವರು. ಪೈಪು ಎಳೆಯುವುದು, ಜೋಡಿಸುವುದು, ಮತ್ತೆ ಎಳೆಯುವುದು. ಮನೆಯಲ್ಲಿ ನಾನು ಮತ್ತು ಅವಲಕ್ಕಿ. ಸೊಸೆ ಬರುವಷ್ಟರಲ್ಲಿ ಮೊಲವನ್ನು ದುಂಡಗೆ ಮಾಡಿ ತೋರಿಸುತ್ತೇನೆ ಎಂದು ನಿರ್ಧರಿಸಿಬಿಟ್ಟೆ. ಒಣಹುಲ್ಲಿನ ಬುಟ್ಟಿ ಕೊಟ್ಟಿಗೆಗೆ ಹೋಯಿತು. ಕರೆಯುವ ಹಸುವಿಗೆ ಕೊಡುವ ಹಾಗೆಯೇ ಬೂಸಾ ಕಲಸಿ, ಒಂದಿಷ್ಟು ಹಿಂಡಿ ಸೇರಿಸಿ, ಮೇಲೆ ಬೆಲ್ಲ ಪುಡಿ ಮಾಡಿ ಹಾಕಿದೆ. ನಡುನಡುವೆ ಬಾಳೆಹಣ್ಣು. ಅವಲಕ್ಕಿ ಮೂರು ದಿನ ಬಟ್ಟಲು ನೆಕ್ಕಿ ನೆಕ್ಕಿ ತಿಂದಿತು. ನಾನು ಬೀಗಿದೆ.

ಸೋಮವಾರ ಬೆಳಿಗ್ಗೆ ಬಟ್ಟಲು ಹಾಗೇ ಇತ್ತು. ಅವಲಕ್ಕಿ ಗೂಡಿನ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಹತ್ತಿರ ಹೋಗಿ ನೋಡಿದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ದವಡೆ ಆಡುತ್ತಿತ್ತು. ಕಿರ್ ಕಿರ್ ಎಂದು ಸಣ್ಣ ಸದ್ದು. ನನಗೆ ಸಮಾಧಾನವಾಯಿತು. ದನ ಕಟ್ಟಿದವರೆಲ್ಲ ಬಲ್ಲರು: ಹಸು ಮೆಲುಕು ಹಾಕುತ್ತಿದೆ ಎಂದರೆ ಅದಕ್ಕೆ ಏನೂ ಆಗಿಲ್ಲ, ಮೆಲುಕು ನಿಂತರೆ ಮಾತ್ರ ಹೆದರಬೇಕು. "ತಿಂದಿದ್ದು ಜಾಸ್ತಿ ಆಗಿದೆ, ಮಲಗಿ ಮೆಲುಕು ಹಾಕ್ತಿದೆ" ಎಂದು ಪಂಪಿನ ಕಡೆ ಹೊರಟಿದ್ದ ಯಜಮಾನರಿಗೆ ಹೇಳಿದೆ.

"ಮೊಲ ಮೆಲುಕು ಹಾಕ್ತದಾ?" ಎಂದು ಅವರು ನಿಂತರು.

"ಹುಲ್ಲು ತಿನ್ನೋದೆಲ್ಲ ಹಾಕ್ತದೆ."

"ನಿಂಗೆ ಹೇಳೋರು ಯಾರು. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಗೊಣಗುತ್ತ ಪೈಪು ಹೆಗಲಿಗೇರಿಸಿಕೊಂಡು ಹೋದರು.

ಮಧ್ಯಾಹ್ನವೂ ಅದು ಮುಟ್ಟಲಿಲ್ಲ. ಅಜೀರ್ಣವಾದ ದನಕ್ಕೆ ನಾವು ಮಾಡುವುದೇನು? ಒಂದು ದಿನ ಉಪವಾಸ. ಲಂಘನಂ ಪರಮೌಷಧಂ ಎಂದು ನಮ್ಮ ಅಪ್ಪ ತಮ್ಮ ಜ್ವರಕ್ಕೂ ಹೇಳುತ್ತಿದ್ದರು, ಎತ್ತಿನ ಹೊಟ್ಟೆನೋವಿಗೂ ಹೇಳುತ್ತಿದ್ದರು. ಗೂಡಿನಲ್ಲಿ ಉಳಿದಿದ್ದ ನಾಲ್ಕು ಎಸಳು ಹುಲ್ಲನ್ನೂ ತೆಗೆದು, ನೀರು ಮಾತ್ರ ಇಟ್ಟು, ಸಂಜೆಯ ಹಾಲು ಅಳೆಯಲು ಡೇರಿಗೆ ಹೋದೆ. ಆ ದಿನ ನನ್ನ ಮನಸ್ಸಿನಲ್ಲಿ ಒಂದು ಚೂರೂ ಅಳುಕಿರಲಿಲ್ಲ. ಈಗ ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಂಗಳವಾರ ಬೆಳಿಗ್ಗೆ ಮೊದಲು ಕಂಡುಹಿಡಿದವರು ಯಜಮಾನರು. ಮೊಲದ ಹಿಕ್ಕೆ ಮೆಣಸಿನ ಬಳ್ಳಿಯ ಬುಡಕ್ಕೆ ಒಳ್ಳೆಯದು ಎಂದು ಅವರು ದಿನವೂ ಗೂಡಿನ ತಟ್ಟೆಯನ್ನು ತೋಟಕ್ಕೆ ಒಯ್ದು ಸುರಿಯುತ್ತಿದ್ದರು. ಅಂದು ತಟ್ಟೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. "ನಿನ್ನೆಯಿಂದ ಒಂದೂ ಹಿಕ್ಕೆ ಹಾಕಿಲ್ಲ ಕಣೆ" ಎಂದರು. ನಾನು ಕೈ ಒರೆಸಿಕೊಂಡು ಓಡಿದೆ. ಅವಲಕ್ಕಿಯ ಕಿವಿ ಮುಟ್ಟಿದರೆ ತಣ್ಣಗೆ. ಹೊಟ್ಟೆ ಮುಟ್ಟಿದರೆ ಬಿಗಿ. ದವಡೆ ಇನ್ನೂ ಆಡುತ್ತಿತ್ತು. ಒಂದು ದಿನವಿಡೀ ಏನೂ ತಿನ್ನದ ಪ್ರಾಣಿ ಏನನ್ನು ಮೆಲುಕು ಹಾಕುತ್ತದೆ ಎನ್ನುವ ಪ್ರಶ್ನೆ ಆಗ, ಆಗ ಮಾತ್ರ, ನನ್ನ ತಲೆಗೆ ಬಂತು.

ಫ್ರಿಜ್ ಮೇಲಿನ ಹಾಳೆ ತೆಗೆದು ಓದಿದೆ. ನಯನಳ ಅಕ್ಷರ ದುಂಡಗೆ. ಒಣಹುಲ್ಲು ಯಾವಾಗಲೂ ಇರಲಿ, ಅದೇ ಅದರ ಮುಖ್ಯ ಊಟ. ಬೆಲ್ಲ, ಬೂಸಾ, ಬಿಸ್ಕೆಟ್ ಬೇಡ. ಹಲ್ಲು ಕಡಿಯುವ ಸದ್ದು ಜೋರಾಗಿ ಕೇಳಿಸಿದರೆ ಹೊಟ್ಟೆನೋವು ಎಂದು ಅರ್ಥ. ಅರ್ಧ ದಿನ ತಿನ್ನದಿದ್ದರೆ, ಹಿಕ್ಕೆ ನಿಂತರೆ, ಕಾಯಬಾರದು, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಉಪವಾಸ ಕೆಡವಲೇಬಾರದು. 'ಲೇ' ಅಕ್ಷರದ ಕೆಳಗೆ ಎರಡು ಗೆರೆ ಎಳೆದಿದ್ದಳು.

"ನಯನಂಗೆ ಫೋನ್ ಮಾಡ್ತೀಯಾ?" ಎಂದರು ಯಜಮಾನರು.

ನಾಳೆ ಅವಳಿಗೆ ಎಲ್ಲಕ್ಕಿಂತ ಕಷ್ಟದ ಪೇಪರು. ಹೇಳಿದರೆ ಬಿಟ್ಟು ಓಡಿ ಬರುತ್ತಾಳೆ. ಒಂದು ವರ್ಷ ನನ್ನಿಂದ ಹೋಗಿದೆ, ಇನ್ನೊಂದೂ ನನ್ನಿಂದಲೇ ಹೋಗಬೇಕೇ? ಹೇಳದೆ ಮೊಲ ಸತ್ತರೆ ಅವಳ ಮುಖ ನೋಡುವುದು ಹೇಗೆ? "ಬೇಡ, ನೀವೂ ಬಾಯಿ ಬಿಡ್ಬೇಡಿ. ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ" ಎಂದೆ. ಕಾಫಿ ಕೊಯ್ಯುವ ಬುಟ್ಟಿಗೆ ಹಳೇ ಶಾಲು ಹಾಸಿ, ಅವಲಕ್ಕಿಯನ್ನು ಮಲಗಿಸಿ, ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ಪಕ್ಕಕ್ಕಿಟ್ಟು, ಮೂಡಿಗೆರೆ ಬಸ್ಸು ಹತ್ತಿದೆ. ಕಂಡಕ್ಟರು ಇಣುಕಿ, "ಕೋಳಿನಾ ಸರೋಜಕ್ಕ?" ಎಂದ. "ನಮ್ ಸೊಸೆ ಮೊಲ" ಎಂದೆ. ನನ್ನ ಮುಖ ನೋಡಿ ಅವನು ಬುಟ್ಟಿಗೂ ಒಂದು ಸೀಟು ಬಿಡಿಸಿಕೊಟ್ಟ.

ಪಶು ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡೇರಿಯ ಕೆಲಸದಿಂದ ನನಗೆ ಪರಿಚಯ. ಹಸುವಿನ ವಿಷಯದಲ್ಲಿ ಒಂದೆರಡು ಸಲ ಅವರಿಗೇ ನಾನು ಬುದ್ಧಿ ಹೇಳಿದ್ದೂ ಉಂಟು. ಅವರು ಬುಟ್ಟಿಯಿಂದ ಅವಲಕ್ಕಿಯನ್ನು ಎತ್ತಿ ಮೇಜಿನ ಮೇಲಿಟ್ಟು, ಹೊಟ್ಟೆಗೆ ಸ್ಟೆತಾಸ್ಕೋಪ್ ಹಿಡಿದು ಬಹಳ ಹೊತ್ತು ಕೇಳಿದರು.

"ಏನು ತಿನ್ಸಿದ್ರಿ ಅಮ್ಮ?"

"ಬೂಸಾ, ಹಿಂಡಿ. ಸ್ವಲ್ಪ ಬೆಲ್ಲ."

"ಹುಲ್ಲು?"

"ತೆಗೆದಿಟ್ಟೆ. ನಿನ್ನೆ ಮೆಲುಕು ಹಾಕ್ತಿತ್ತಲ್ಲ ಅಂತ..."

ಅವರು ತಲೆ ಎತ್ತಿದರು. "ಮೊಲ ಮೆಲುಕು ಹಾಕಲ್ಲ ಅಮ್ಮ. ಅದು ಹಲ್ಲು ಕಡೀತಿರೋದು. ನೋವು ತಡೀಲಾರದೆ."

ಇಡೀ ಒಂದು ದಿನ ಒಂದು ಮೂಕಪ್ರಾಣಿ ನೋವು ನೋವು ಎಂದು ನನ್ನೆದುರೇ ಹೇಳಿತ್ತು, ನಾನು ಅದನ್ನು ಸುಖ ಎಂದು ಓದಿಕೊಂಡಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಡಾಕ್ಟರಿಗೆ ನನ್ನ ಸ್ಥಿತಿ ಅರ್ಥವಾಯಿತೇನೋ, ಬೈಯಲಿಲ್ಲ. "ನಿಮ್ಗೆ ಗೊತ್ತಾಗೋ ಹಾಗೆ ಹೇಳ್ತೀನಿ. ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮಿಷನ್ನು ನಿಂತ್ರೆ ಒಳಗಿರೋ ಕಾಫಿ ಹಣ್ಣು ಅಲ್ಲೇ ಹುಳಿ ಬರುತ್ತಲ್ಲ? ಇದರ ಕರುಳೂ ಹಾಗೇ. ಸದಾ ಓಡ್ತಿರ್ಬೇಕು, ನಾರು ಹೋಗ್ತಿರ್ಬೇಕು. ನಿಂತ್ರೆ ಒಳಗಡೆ ಹುಳಿಯಾಗಿ ಗ್ಯಾಸು ತುಂಬುತ್ತೆ. ವಾಂತಿ ಮಾಡ್ಕೊಳ್ಳೋಕೂ ಬರಲ್ಲ ಪಾಪದ್ದಕ್ಕೆ" ಎಂದರು. ಆಮೇಲೆ ಮೊಲಗಳನ್ನು ಹೆಚ್ಚು ನೋಡಿದ ತಮ್ಮ ಸೀನಿಯರ್ ಒಬ್ಬರಿಗೆ ಫೋನ್ ಮಾಡಿ ಮಾತಾಡಿದರು. ಕರುಳಿಗೆ ಅಡ್ಡ ಏನೂ ಸಿಕ್ಕಿಕೊಂಡ ಹಾಗಿಲ್ಲ, ಹಾಗಾಗಿ ಬಾಯಿಗೆ ಕೊಡಬಹುದು ಎಂದು ಖಾತ್ರಿ ಮಾಡಿಕೊಂಡರು. ನೋವಿಗೆ ಒಂದು ಇಂಜೆಕ್ಷನ್, ಕರುಳು ಓಡಲು ಒಂದು, ಬೆನ್ನಿನ ಚರ್ಮದಡಿಗೆ ಒಂದಿಷ್ಟು ಸಲೈನು.

ಇನ್ನು ಆಹಾರ ಹೋಗಬೇಕಿತ್ತು. ಅಂಗಡಿಯಲ್ಲಿ ಸಿಗುವ ಮೊಲದ ಆಹಾರದ ಗುಳಿಗೆಗಳನ್ನು ನೆನೆಸಿ, ಗಂಜಿ ಮಾಡಿ, ಸೂಜಿ ಇಲ್ಲದ ಸಿರಿಂಜಿಗೆ ತುಂಬಿದರು. ಡಾಕ್ಟರು ಮುಂದಿನಿಂದ ಹಿಡಿದರು, ಅವಲಕ್ಕಿ ಒದ್ದಾಡಿತು. ಗಂಜಿ ಅವರ ಕೋಟಿನ ಮೇಲೆ.

"ಇಲ್ಲಿ ಕೊಡಿ" ಎಂದು ನಾನು ಎದ್ದೆ.

ನಮ್ಮಲ್ಲಿ ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆಗೆ ಗೊಟ್ಟ ಎನ್ನುತ್ತಾರೆ. ಗೊಟ್ಟವನ್ನು ಎದುರಿನಿಂದ ಇಡುವವನು ದಡ್ಡ. ಬಾಯಿಯ ಪಕ್ಕದಲ್ಲಿ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಒಂದು ಖಾಲಿ ಜಾಗ ಇರುತ್ತದೆ, ಅಲ್ಲಿಂದ ಬಿಡಬೇಕು. ತಲೆ ಮೇಲೆತ್ತಬಾರದು, ಎತ್ತಿದರೆ ಶ್ವಾಸಕ್ಕೆ ಹೋಗುತ್ತದೆ. ಒಂದು ಗುಟುಕು ಬಿಟ್ಟು, ನುಂಗುವವರೆಗೆ ಕಾಯಬೇಕು. ಇದು ನನಗೆ ಹನ್ನೆರಡನೇ ವಯಸ್ಸಿನಿಂದ ಗೊತ್ತು. ಅವಲಕ್ಕಿಯನ್ನು ಶಾಲಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡೆ. ಬೆರಳಿನಿಂದ ಅದರ ತುಟಿಯ ಪಕ್ಕ ಮುಟ್ಟಿ ನೋಡಿದೆ. ಅದೇ ಖಾಲಿ ಜಾಗ, ಅಂಗೈಯಗಲದ ಮುಖದಲ್ಲಿ ಅಲ್ಲಿಯೇ ಇತ್ತು! ಸಿರಿಂಜಿನ ತುದಿ ಇಟ್ಟು ಒಂದು ಹನಿ ಬಿಟ್ಟೆ. ಕಾದೆ. ಗಂಟಲು ಆಡಿತು. ಇನ್ನೊಂದು ಹನಿ. ಮತ್ತೆ ಆಡಿತು. ಸಿರಿಂಜು ಖಾಲಿಯಾಗುವವರೆಗೆ ಡಾಕ್ಟರು ಉಸಿರು ಹಿಡಿದು ನೋಡುತ್ತಿದ್ದರು.

"ಯಾರು ಕಲ್ಸಿದ್ರು ಅಮ್ಮ ಇದನ್ನ?"

"ದನ ಕಲ್ಸಿದ್ದು" ಎಂದೆ. ಬೆಳಿಗ್ಗೆಯಿಂದ ಮೊದಲ ಸಲ ನನ್ನ ಬೆನ್ನು ನೆಟ್ಟಗಾಯಿತು.

ಎರಡು ಮೂರು ಗಂಟೆಗೊಮ್ಮೆ ಹೀಗೇ ಕೊಡಿ, ಬೆಚ್ಚಗಿಡಿ, ಹೊಟ್ಟೆ ಮೆಲ್ಲಗೆ ನೀವಿ, ಸ್ವಲ್ಪ ಓಡಾಡಿಸಿ, ಹುಲ್ಲು ಮುಂದೆಯೇ ಇರಲಿ, ಮನುಷ್ಯರ ಮಾತ್ರೆ ಮಾತ್ರ ಯಾವುದೂ ಬೇಡ ಎಂದು ಡಾಕ್ಟರು ಕಳಿಸಿದರು. ನಾಳೆ ಬೆಳಿಗ್ಗೆಯೊಳಗೆ ಹಿಕ್ಕೆ ಹಾಕಲೇಬೇಕು, ಇಲ್ಲದಿದ್ದರೆ ಮತ್ತೆ ಕರೆತರಬೇಕು, ಆಮೇಲಿನದು ಹೇಳಲಾಗದು ಎಂದರು. ಮನೆಗೆ ಬಂದವಳೇ ಕೊಟ್ಟಿಗೆಗೆ ಹೋಗಿ ಒಣಹುಲ್ಲಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಂದೆ. ಅಂದು ಸಂಜೆ ಡೇರಿಗೆ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಬೇರೆಯವರನ್ನು ಕಳಿಸಿದೆ. ಗಂಜಿ, ಬಿಸಿ ಬಾಟಲಿ, ಹೊಟ್ಟೆ ನೀವುವುದು, ಕಣದಲ್ಲಿ ನಾಲ್ಕು ಹೆಜ್ಜೆ. ಫ್ರಿಜ್ ಮೇಲಿನ ಹಾಳೆಯನ್ನು ಗೂಡಿನ ಕಂಬಿಗೆ ಸಿಕ್ಕಿಸಿ ಸಾಲು ಸಾಲಾಗಿ ಓದಿ ಮಾಡುತ್ತಿದ್ದೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ಯಜಮಾನರು ಕಾಲೆಳೆದರು. ನನಗೆ ತಿರುಗಿ ಜಗಳಾಡುವಷ್ಟು ಪುರುಸೊತ್ತು ಇರಲಿಲ್ಲ.

ಕತ್ತಲಾಗುವ ಮೊದಲು ನಯನಳ ಫೋನು. "ಅವಲಕ್ಕಿ ಹೇಗಿದೆ ಅತ್ತೆ?"

ಮೊಲ ನನ್ನ ಮಡಿಲಲ್ಲೇ ಇತ್ತು. "ಚೆನ್ನಾಗಿದೆ. ನನ್ ಹತ್ರನೇ ಕೂತಿದೆ. ನೀನು ಓದು" ಎಂದೆ. "ನಿಮ್ ಹತ್ರನೇನಾ?" ಎಂದಳು. ಹೂಂ ಎಂದೆ. "ಆಯ್ತು ಅತ್ತೆ" ಎಂದು ಫೋನಿಟ್ಟಳು.

ರಾತ್ರಿ ನಡುನಡುವೆ ಎದ್ದು ಗಂಜಿ ಕೊಟ್ಟಿದ್ದೆ; ಬುಧವಾರ ಬೆಳಕು ಹರಿಯುವಾಗ ಮತ್ತೆ ಎದ್ದು ನೇರ ಗೂಡಿಗೆ ಹೋದೆ. ತಟ್ಟೆ ಖಾಲಿ. ಸೋತೆ ಎಂದುಕೊಂಡೆ. ಆದರೂ ಅವಲಕ್ಕಿಯನ್ನು ಎತ್ತಿ ಹೊಟ್ಟೆಗೆ ಕಿವಿಯಿಟ್ಟೆ. ಒಳಗೆ ದೂರದಲ್ಲೆಲ್ಲೋ ಗುಳುಗುಳು ಎಂದಿತು. ಗಂಜಿ ಕೊಟ್ಟೆ, ನುಂಗಿತು. ಹೊಟ್ಟೆ ನೀವಿ ಕಣಕ್ಕೆ ಬಿಟ್ಟೆ. ಎರಡು ಹೆಜ್ಜೆ ಹಾರಿ ನಿಂತಿತು, ಮೈ ಒಮ್ಮೆ ಬಿಗಿ ಹಿಡಿಯಿತು. ಅದು ಪಕ್ಕಕ್ಕೆ ಸರಿದಾಗ ಸಿಮೆಂಟಿನ ಮೇಲೆ ಒಂದು ಕಪ್ಪು ಕಾಳು. ಸಣ್ಣದು, ಒಣಕಲು, ಸೊಟ್ಟಗೆ. ಅದರ ಪಕ್ಕ ಇನ್ನೊಂದು, ಕೂದಲೆಳೆಯಿಂದ ಸೇರಿಕೊಂಡು. ಆಮೇಲೆ ಮೂರನೆಯದು!

ಹೋದ ಜೀವ ಬಂತು ಎನ್ನುತ್ತಾರಲ್ಲ, ಹಾಗೆಂದರೇನು ಎಂದು ನನಗೆ ಅಂದು ತಿಳಿಯಿತು. ಮೂರು ಹಿಕ್ಕೆಯನ್ನು ಅಂಗೈ ಮೇಲಿಟ್ಟುಕೊಂಡು, ಚಪ್ಪಲಿ ಹಾಕದೆ, ಸೆರಗು ಸಿಕ್ಕಿಸಿಕೊಂಡು ಪಂಪಿನ ಮನೆಗೆ ಓಡಿದೆ. ಯಜಮಾನರು ಇಬ್ಬರು ಆಳುಗಳ ಜೊತೆ ಪೈಪು ಬಿಚ್ಚುತ್ತಿದ್ದರು. "ರೀ, ಹಾಕ್ತು! ಮೂರು ಹಾಕ್ತು!" ಎಂದು ಕೂಗಿದೆ. ಆಳುಗಳು ಹಸು ಕರು ಹಾಕಿತು ಎಂದುಕೊಂಡರು, ಮೂರು ಕರುವೇ ಎಂದು ಬಾಯಿ ಬಿಟ್ಟರು. ಅಂಗೈ ತೆರೆದು ತೋರಿಸಿದೆ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನರು ಮಣ್ಣಿನ ಕೈಯಲ್ಲೇ ಒಂದು ಹಿಕ್ಕೆ ಎತ್ತಿ ಬೆಳಕಿಗೆ ಹಿಡಿದು, "ಎ ಗ್ರೇಡ್ ಅಲ್ಲ, ಆದ್ರೂ ಪಾಸು" ಎಂದರು.

ಅಷ್ಟಕ್ಕೇ ಮುಗಿಯಿತು ಎಂದು ನಾನು ಮೈಮರೆಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ; ಅವರು ಆ ಕಡೆ ಚಪ್ಪಾಳೆ ಹೊಡೆದದ್ದು ಕೇಳಿಸಿತು. ಇನ್ನೂ ಎರಡು ದಿನ ಮದ್ದು, ಗಂಜಿ ನಿಲ್ಲಿಸಬೇಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಅವಲಕ್ಕಿ ತಾನಾಗಿಯೇ ಒಂದು ಎಸಳು ಒಣಹುಲ್ಲನ್ನು ಬಾಯಿಗೆಳೆದುಕೊಂಡಿತು. ಕರಕರ ಎಂದು ಜಗಿಯಿತು. ನನಗೆ ಆ ಸದ್ದಿನ ಮುಂದೆ ಯಾವ ನಾದಸ್ವರವೂ ಬೇಡವಾಯಿತು. ಸಂಜೆ ಡೇರಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ನಾನೇ ಸುದ್ದಿ ಹೇಳಿದೆ, ತಪ್ಪನ್ನೂ ಸೇರಿಸಿಯೇ. ಇಪ್ಪತ್ತು ವರ್ಷ ನನ್ನ ಮಾತು ಕೇಳಿದವರ ಎದುರು ನನಗೆ ಗೊತ್ತಿರಲಿಲ್ಲ ಎಂದು ಹೇಳುವುದು ಇಷ್ಟು ಹಗುರವೆಂದು ಎಣಿಸಿರಲಿಲ್ಲ.

ಶುಕ್ರವಾರ ತೋಟ ಅರಳಿತು. ಅದೇ ದಿನ ಮಧ್ಯಾಹ್ನ ನಯನ ಬಂದಳು. ಬ್ಯಾಗು ಇಳಿಸುವ ಮೊದಲೇ ಗೂಡಿನ ಹತ್ತಿರ ಹೋಗಿ ಕೂತಳು. ಅವಲಕ್ಕಿ ಬುಟ್ಟಿಯೊಳಗೆ ಅರ್ಧ ಮುಳುಗಿ ಹುಲ್ಲು ತಿನ್ನುತ್ತಿತ್ತು. ಕೆಳಗಿನ ತಟ್ಟೆ ತುಂಬ ದುಂಡಗಿನ ಹಿಕ್ಕೆ. ನಾನು ಅವಳ ಪಕ್ಕ ನೆಲದ ಮೇಲೇ ಕೂತೆ. ಬೂಸಾ, ಬೆಲ್ಲ, ಮೆಲುಕು, ಉಪವಾಸ, ಫೋನಿನಲ್ಲಿ ಹೇಳಿದ ಸುಳ್ಳು, ಒಂದನ್ನೂ ಬಿಡದೆ ಹೇಳಿದೆ. "ನಿನ್ ಚೀಟಿ ಓದಿರ್ಲಿಲ್ಲ ಕಣೆ. ನಂದು ತಪ್ಪಾಯ್ತು. ಹೋದ್ವರ್ಷದ್ದೂ ಸೇರಿ" ಎಂದೆ. ಸೊಸೆಯ ಎದುರು ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ನಯನ ತಟ್ಟೆಯ ಕಡೆ ನೋಡುತ್ತಿದ್ದಳು. ಕಣ್ಣು ತುಂಬಿತ್ತು. "ನಂಗೊತ್ತಿತ್ತು ಅತ್ತೆ" ಎಂದಳು.

"ಏನು?"

"ಮಾವ ಮಂಗಳವಾರ ಮಧ್ಯಾಹ್ನನೇ ಫೋನ್ ಮಾಡಿ ಹೇಳಿದ್ರು. ಅವ್ರ ಹೊಟ್ಟೇಲಿ ಮಾತು ನಿಲ್ಲುತ್ತಾ? ಬ್ಯಾಗ್ ಪ್ಯಾಕ್ ಮಾಡಿ ಇಟ್ಟಿದ್ದೆ, ಪರೀಕ್ಷೆ ಹೋದ್ರೆ ಹೋಗ್ಲಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ್ಬಿಡೋಣ ಅಂತ. ಒಂದ್ಸಲ ಕೇಳೋಣ ಅಂತ ಸಂಜೆ ನಿಮ್ಗೆ ಫೋನ್ ಮಾಡ್ದೆ. ನೀವು 'ನನ್ ಹತ್ರನೇ ಕೂತಿದೆ' ಅಂದ್ರಲ್ಲ, ಆ ಧ್ವನಿ ಕೇಳ್ದೆ ಅತ್ತೆ." ಅವಳು ಮೂಗು ಒರೆಸಿಕೊಂಡಳು. "ಇವ್ರು ಅದನ್ನ ಸಾಯೋಕೆ ಬಿಡಲ್ಲ ಅನ್ನಿಸ್ತು. ಬ್ಯಾಗ್ ಬಿಚ್ಚಿ ಓದೋಕೆ ಕೂತೆ."